ಕುಸ್ಕೊಗೆ ಓದಲು ಹೋಗುವವರೇ, ಮೊದಲ ವಾರ ವಿನಿಕುಂಕಾ ಹತ್ತಬೇಡಿ

ಪೆರುವಿನ ಕುಸ್ಕೊಗೆ ಸ್ಪ್ಯಾನಿಷ್ ಕಲಿಯಲು ಬಂದ ನಮ್ಮ ಕಡೆಯ ಹುಡುಗಿಯೊಬ್ಬಳು ಮೂರನೇ ದಿನವೇ ಆಸ್ಪತ್ರೆ ಸೇರಿದಳು. ಶುಕ್ರವಾರ ಲಿಮಾದಿಂದ ವಿಮಾನದಲ್ಲಿ ಬಂದವಳು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ವಿನಿಕುಂಕಾ ಬೆಟ್ಟಕ್ಕೆ ಹೋಗುವ ವ್ಯಾನ್ ಹತ್ತಿದ್ದಳು. ಸೋಮವಾರ ತರಗತಿ ಶುರುವಾಗುವ ಮುಂಚೆ ಆ ಬಣ್ಣದ ಬೆಟ್ಟ ನೋಡಿಬಿಡೋಣ ಎಂಬ ಲೆಕ್ಕ. ಹೀಗೆ ಲೆಕ್ಕ ಹಾಕುವವರು ತುಂಬ ಜನ, ಅದಕ್ಕೇ ಇದನ್ನು ಬರೆಯಬೇಕಾಯಿತು.

ಲಿಮಾ ಸಮುದ್ರದ ದಂಡೆಯ ಊರು, ಕುಸ್ಕೊ 3,400 ಮೀಟರ್ ಎತ್ತರದಲ್ಲಿದೆ. ವಿಮಾನ ಒಂದೂಕಾಲು ಗಂಟೆಯಲ್ಲಿ ಅಷ್ಟನ್ನೂ ಹತ್ತಿಸಿಬಿಡುತ್ತದೆ, ಮೈಗೆ ಹೊಂದಿಕೊಳ್ಳಲು ಪುರಸೊತ್ತೇ ಇಲ್ಲ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಹಾಗಾಗಿ ‘ಚಾರಣ ಮಾಡಿ ಅಭ್ಯಾಸವಿದೆ’ ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಿನಿಕುಂಕಾ 5,000 ಮೀಟರ್ ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಆಕೆಗೆ ಶನಿವಾರ ಸಂಜೆಯೇ ತಲೆನೋವು, ವಾಕರಿಕೆ ಶುರುವಾಗಿತ್ತು. ಎತ್ತರಕ್ಕೆ ಮೈ ಹೊಂದದೆ ಬರುವ ಈ ಕಾಯಿಲೆಯನ್ನೇ ಅಲ್ಲಿಯವರು ಸೊರೋಚೆ ಎನ್ನುವುದು. ಅದಿದ್ದಾಗ ಒಂದು ಮೆಟ್ಟಿಲೂ ಮೇಲೆ ಹೋಗಬಾರದು. ನೋವಿನ ಮಾತ್ರೆ ತಲೆನೋವನ್ನು ಮುಚ್ಚಿಹಾಕಿತು. ಬೆಟ್ಟದಲ್ಲಿ ಗೈಡ್ ಕೊಟ್ಟ ಆಮ್ಲಜನಕದಿಂದ ಹತ್ತು ನಿಮಿಷ ಹಾಯೆನಿಸಿತು, ಮತ್ತೆ ಹತ್ತಿದಳು. ಆ ಹಾಯಿ ಮೂಗಿಗೆ ಕೊಳವೆ ಇರುವಷ್ಟು ಹೊತ್ತು ಮಾತ್ರ. ಅದು ಕೆಳಗಿಳಿಯಲು ಸಿಗುವ ಬಿಡುವು, ಮೇಲೆ ಹೋಗಲು ಪರವಾನಗಿಯಲ್ಲ. ಸಂಜೆ ರೂಮಿಗೆ ಬಂದಾಗ ಗೋಡೆ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ.

ರೂಮ್‌ಮೇಟ್ ಮಾಡಿದ ಪರೀಕ್ಷೆಯನ್ನು ನೀವೂ ಕಲಿತುಕೊಳ್ಳಿ. ನೆಲದ ಟೈಲ್ಸಿನ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದು ಕಾಲಿನ ಬೆರಳಿಗೆ ತಾಗಿಸುತ್ತ ಹತ್ತು ಹೆಜ್ಜೆ ನಡೆಸಬೇಕು. ತೂರಾಡಿದರೆ ಮಿದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಿರಿ. ಸುಮ್ಮನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ಕಫದಲ್ಲಿ ನೊರೆ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಎರಡರಲ್ಲಿ ಯಾವುದಾದರೂ ಬೆಳಗಾಗುವವರೆಗೆ ಕಾಯುವಂಥದ್ದಲ್ಲ. ಆಂಬುಲೆನ್ಸ್‌ಗೆ 106. ಹೆದರಿಕೆಯಲ್ಲಿ ಟ್ಯಾಕ್ಸಿ ಮಾಡಿಕೊಂಡು ಕೆಳಗಿನ ಕಣಿವೆಗೆ ಓಡಬೇಡಿ. ಆ ಕಣಿವೆಯ ಊರು ಉರುಬಂಬಾಕ್ಕೆ ಇಳಿಯುವ ರಸ್ತೆ ಮೊದಲು ಚಿಂಚೆರೊ ಹತ್ತಿರ 3,700 ಮೀಟರಿಗೂ ಮೇಲೇರುತ್ತದೆ. ಮೊದಲು ಊರಿನ ಆಸ್ಪತ್ರೆಯಲ್ಲಿ ಆಮ್ಲಜನಕ, ಇಳಿಯುವುದು ವೈದ್ಯರು ಹೇಳಿದ ಮೇಲೆ. ಆಕೆ ಉಳಿದದ್ದು ಹಾಗೇ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಕುಸ್ಕೊ ವಿಮಾನ ನಿಲ್ದಾಣದಿಂದ ನೇರವಾಗಿ ಕಣಿವೆಯ ಊರು ಒಯಾಂಟಾಯ್ಟಾಂಬೊಗೆ ಹೋಗಿ, ಅದು 2,790 ಮೀಟರ್, ಎರಡು ಗಂಟೆಯ ದಾರಿ. ಅಲ್ಲಿ ಎರಡು ರಾತ್ರಿ ಮಲಗಿ. ಮಾಚು ಪಿಚು 2,430 ಮೀಟರಿನಲ್ಲಿದೆ, ಬೇಕಿದ್ದರೆ ಅದನ್ನು ಆಗಲೇ ನೋಡಿಕೊಂಡು ಆಮೇಲೆ ಕುಸ್ಕೊಗೆ ಬನ್ನಿ. ವಿನಿಕುಂಕಾ ಹತ್ತು ದಿನ ಕಳೆದ ಮೇಲೆ. ಮೊದಲ ದಿನಗಳಲ್ಲಿ ಮದ್ಯವೂ ಬೇಡ, ನಿದ್ದೆಮಾತ್ರೆಯೂ ಬೇಡ, ಎರಡೂ ರಾತ್ರಿಯ ಉಸಿರಾಟವನ್ನು ಕುಗ್ಗಿಸುತ್ತವೆ. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆ ಬಗ್ಗೆ ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದಲೇ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚಾಗುತ್ತದೆ, ಗಾಬರಿಯಾಗಬೇಡಿ.

ಅಡುಗೆಯಲ್ಲೂ ಎತ್ತರದ ಕಾಟ ತಪ್ಪಿದ್ದಲ್ಲ. ಕುಸ್ಕೊದಲ್ಲಿ ನೀರು 89 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟ ಅನ್ನ ಹೊರಗೆ ಮುದ್ದೆಯಾದರೂ ಒಳಗೆ ಗಟ್ಟಿ, ಬೇಳೆಯಂತೂ ಕರಗುವುದೇ ಇಲ್ಲ. ಕುಕ್ಕರ್ ಒಯ್ಯಿರಿ. ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ.

ಬಾಡಿಗೆ ರೂಮು ನೋಡುವಾಗ ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇದ್ದು ಕಿಟಕಿ ಇಲ್ಲವೆಂದರೆ ಬೇರೆ ಮನೆ ಹುಡುಕಿ. ಅದರ ವಿಷಾನಿಲ ತರಿಸುವುದೂ ತಲೆನೋವು, ವಾಕರಿಕೆಯನ್ನೇ. ಸೊರೋಚೆ ಇರಬೇಕು ಎಂದುಕೊಂಡು ಬಾಗಿಲು ಹಾಕಿ ಮಲಗಿಬಿಡುತ್ತೀರಿ.

ಕೋಕಾ ಎಲೆಯ ಚಹಾ ಅಲ್ಲಿ ಮನೆಮನೆಯಲ್ಲೂ ಕೊಡುತ್ತಾರೆ, ಕುಡಿದರೆ ಕಾನೂನಿನ ತೊಂದರೆಯಿಲ್ಲ. ಆದರೆ ಸೊರೋಚೆಗೆ ಅದೇ ಮದ್ದು ಎಂದು ನಂಬಿ ಮೇಲೆ ಹೋಗಬೇಡಿ. ಊರಿಗೆ ಮರಳುವಾಗ ಅದರ ಒಂದು ಪೊಟ್ಟಣವೂ ಸೂಟ್‌ಕೇಸಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ನಮ್ಮ ದೇಶದ 1985ರ ಮಾದಕವಸ್ತು ಕಾಯ್ದೆಯಲ್ಲಿ ಕೋಕಾ ಎಲೆಗೂ ನಿಷೇಧವಿದೆ.