ಪಟರ್ ಕೊಳ್ಳುವವರೇ, ಶಾಫ್ಟ್ ಕತ್ತರಿಸಲು ಒಪ್ಪಬೇಡಿ

28,500 ರೂಪಾಯಿ. ಒಂದು ಪಟರ್‌ಗೆ, ಅಂದರೆ ಗಾಲ್ಫ್ ಚೆಂಡನ್ನು ಗುಂಡಿಗೆ ಉರುಳಿಸುವ ಕೋಲಿಗೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ನಾನು ಶಿವಮೊಗ್ಗದವನು. ಭಾನುವಾರ ಬೆಳಗಿನ ಜಾವ ಎದ್ದು, ತರೀಕೆರೆ ದಾಟಿ ಚಿಕ್ಕಮಗಳೂರಿಗೆ ಹೋಗಿ ಗಾಲ್ಫ್ ಆಡಿ ಬರುತ್ತೇನೆ. ಡ್ರೈವ್, ಅಂದರೆ ದೂರಕ್ಕೆ ಹೊಡೆಯುವ ಮೊದಲ ಹೊಡೆತ, ಪರವಾಗಿಲ್ಲ. ಗ್ರೀನ್, ಅಂದರೆ ಗುಂಡಿ ಇರುವ ನುಣುಪು ಹುಲ್ಲಿನ ಮೇಲೆ ಬಂದರೆ ಚೆಂಡು ಗುಂಡಿಗೆ ಉರುಳಿಸಲು ಮೂರು ಮೂರು ಪಟ್. ಪಟರ್ ಬದಲಾಯಿಸೋಣ ಅಂತ ಬೆಂಗಳೂರಿನ ಒಬ್ಬ ಮಾರಾಟಗಾರರಿಗೆ ಫೋನ್ ಮಾಡಿದೆ.

"ನೀವು ಪಟ್ ಮಾಡುವ ವಿಡಿಯೊ ಕಳಿಸಿ ಸಾರ್, ನೋಡಿ ಹೇಳ್ತೀನಿ" ಅಂದರು. ಕಳಿಸಿದೆ. "ನೋಡಿದೆ ಸಾರ್, ನಿಮಗೆ ಮ್ಯಾಲೆಟ್ಟೇ ಸರಿ. ಈಗ ಬ್ಲೇಡ್ ಯಾರು ಹಿಡೀತಾರೆ? ಶೆಫ್ಲರ್ ಕೂಡ 2024ರಲ್ಲಿ ಮ್ಯಾಲೆಟ್‌ಗೆ ಬಂದ ವಾರವೇ ಗೆದ್ದರಲ್ಲ!" ಮ್ಯಾಲೆಟ್ ಅಂದರೆ ಅಗಲ, ದಪ್ಪ ತಲೆಯ ಪಟರ್, ಬ್ಲೇಡ್ ಅಂದರೆ ತೆಳು ತಲೆಯದು. ಅಮೆರಿಕದ ಗಾಲ್ಫ್ ಆಟಗಾರ ಶೆಫ್ಲರ್ ಗೆದ್ದದ್ದು ನಿಜ. ಆದರೆ ನಾನು ಕಳಿಸಿದ್ದು ನಾಲ್ಕು ನಿಮಿಷದ ವಿಡಿಯೊ. ಉತ್ತರ ಬಂದಿದ್ದು ಒಂದೇ ನಿಮಿಷಕ್ಕೆ. ಅವತ್ತು ಇದು ಹೊಳೆಯಲೇ ಇಲ್ಲ. ದುಡ್ಡು ಹಾಕಿಬಿಟ್ಟೆ.

ಬಂದಿದ್ದು 35 ಇಂಚಿನ ಪಟರ್. ನನ್ನ ಎತ್ತರ 5 ಅಡಿ 4 ಇಂಚು. ಎತ್ತರ ಎಷ್ಟು ಅಂತ ಅವರು ಕೇಳಿರಲೇ ಇಲ್ಲ! ಹಿಡಿದು ನಿಂತರೆ ಪಟರಿನ ತಲೆಯ ಹೊರ ತುದಿ ಮೇಲಕ್ಕೆ ಎದ್ದಿರುತ್ತದೆ. ಚೆಂಡಿನಿಂದ ದೂರ ನಿಲ್ಲಬೇಕಾಗುತ್ತದೆ, ಕಣ್ಣು ಚೆಂಡಿನ ಮೇಲೆ ಬರುವುದಿಲ್ಲ, ಗೆರೆಯೇ ತಪ್ಪಾಗಿ ಕಾಣುತ್ತದೆ. ಫೋನ್ ಮಾಡಿದೆ. "ಅಷ್ಟೇನಾ ಸಾರ್? ಅಲ್ಲೇ ಯಾವುದಾದರೂ ವರ್ಕ್‌ಶಾಪಲ್ಲಿ ಎರಡು ಇಂಚು ಕತ್ತರಿಸಿ, ಗ್ರಿಪ್ ನಾನು ಕಳಿಸ್ತೀನಿ" ಅಂದರು. ಶಾಫ್ಟ್, ಅಂದರೆ ಪಟರಿನ ದಂಡವನ್ನು ಕತ್ತರಿಸಿದೆ. ಹಿಡಿಗೆ ಹಾಕುವ ಗ್ರಿಪ್ ಬಂತು, ಜೊತೆಗೆ 1,800 ರೂಪಾಯಿ ಬಿಲ್ಲೂ ಬಂತು.

ಆಮೇಲೂ ಚೆಂಡು ಬಲಕ್ಕೇ. ಆರು ಅಡಿ ಪಟ್, ಬಲಕ್ಕೆ. ನಾಲ್ಕು ಅಡಿ, ಬಲಕ್ಕೆ. ಒಂದಿನ ಕ್ಯಾಡಿ, ಅಂದರೆ ನಮ್ಮ ಕೋಲುಗಳ ಚೀಲ ಹೊರುವವರು, ಪಟರ್ ಇಸ್ಕೊಂಡು, ಶಾಫ್ಟನ್ನು ಒಂದೇ ಬೆರಳ ಮೇಲೆ ಅಡ್ಡ ಮಲಗಿಸಿದರು. ಪಟರಿನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ಪೂರ್ತಿ ಆಕಾಶ ನೋಡುತ್ತಾ ನಿಂತಿತು. ಆಮೇಲೆ ಜೊತೆಗಿದ್ದವರ ಹಳೆಯ ಬ್ಲೇಡನ್ನು ಹಾಗೇ ಇಟ್ಟರು. ಅದರ ತುದಿ ನೆಲದ ಕಡೆ ಇಳಿಯಿತು. "ಸಾರ್, ನಿಮ್ಮ ಕೈ ಬಾಗಿಲು ತೆಗೆದು ಮುಚ್ಚಿದ ಹಾಗೆ ತಿರುಗತ್ತೆ. ನಿಮಗೆ ಹೀಗೆ ತುದಿ ಇಳಿಯೋದು ಬೇಕು. ಇದು ನೇರ ಹಿಂದೆ, ನೇರ ಮುಂದೆ ಹೊಡೆಯೋರಿಗೆ. ನಿಮ್ಮ ಕೈಯಲ್ಲಿ ಮುಖ ಮುಚ್ಚೋದೇ ಇಲ್ಲ, ಅದಕ್ಕೇ ಬಲಕ್ಕೆ ಹೋಗೋದು." ಎರಡು ನಿಮಿಷದ ಕೆಲಸ. ಒಂದು ಬೆರಳು ಸಾಕಿತ್ತು. ನಾಲ್ಕು ಜನರ ಎದುರು ನನಗೆ ಮುಖ ಎತ್ತಲಾಗಲಿಲ್ಲ. ನನ್ನ ಹಳೆಯ ಪಟರ್ ತುದಿ ಇಳಿಯುವ ಬ್ಲೇಡೇ ಆಗಿತ್ತು. ಅದನ್ನೂ ಇದೇ ಮನುಷ್ಯರಿಗೆ 1,500ಕ್ಕೆ ಎಕ್ಸ್‌ಚೇಂಜ್ ಕೊಟ್ಟಿದ್ದೆ!

ಮ್ಯಾಲೆಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೆಂಡು ನಡುವೆ ತಾಗದಿದ್ದರೂ ಅದರ ಮುಖ ಅಷ್ಟು ತಿರುಗುವುದಿಲ್ಲ, ಅದು ಒಳ್ಳೆಯದೇ. ತುದಿ ಇಳಿಯುವ ಮ್ಯಾಲೆಟ್ಟೂ ಇವೆ, ಶಾಫ್ಟ್ ತಲೆಗೆ ಸೇರುವ ಕತ್ತಿನ ಬಾಗು ಬೇರೆ ಇರುತ್ತದೆ ಅಷ್ಟೆ. ವಿಡಿಯೊ ನೋಡಿದ್ದರೆ ಅದನ್ನಾದರೂ ಕೊಡಬಹುದಿತ್ತು, ಅಲ್ವಾ?

ವಾಪಸ್ ತಗೊಳ್ಳಿ ಅಂದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಮೊದಲು: "ಅಭ್ಯಾಸ ಆಗ್ಬೇಕು ಸಾರ್, ಇಪ್ಪತ್ತು ರೌಂಡ್ ಆಡಿ." ಆಮೇಲೆ: "ಕವರ್ ತೆಗೆದಿದ್ದೀರಲ್ಲ ಸಾರ್." ಕವರ್ ತೆಗೆಯದೆ ಪಟ್ ಮಾಡುವುದು ಹೇಗೆ? ಕೊನೆಗೆ: "ಶಾಫ್ಟ್ ಕತ್ತರಿಸಿದ ಪಟರ್ ವಾಪಸ್ ಇಲ್ಲ, ವಾರಂಟಿಯೂ ಇಲ್ಲ." ಕತ್ತರಿಸಿ ಅಂದವರು ಯಾರು? ಕೇಳಿದೆ. "ನಾನು ಹಾಗೆ ಹೇಳಿಲ್ಲವಲ್ಲ ಸಾರ್." ಫೋನಲ್ಲಿ ಹೇಳಿದ್ದು, ಬರಹದಲ್ಲಿಲ್ಲ. ವಾಟ್ಸಾಪಿನಲ್ಲಿ ಬರೆಸಿಕೊಳ್ಳಲಿಲ್ಲವಲ್ಲ ಅಂತ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ. ಎರಡು ಇಂಚು ಹೋದ ಮೇಲೆ ಪಟರಿನ ತಲೆ ಕೈಗೆ ಹಗುರ ಅನ್ನಿಸುತ್ತದೆ. ಮಳೆಗಾಲದ ನಮ್ಮ ಕಡೆಯ ಗ್ರೀನ್ ಮೊದಲೇ ನಿಧಾನ. ಈಗ ಚೆಂಡು ಬಲಕ್ಕೆ ಹೋಗುವುದರ ಜೊತೆಗೆ ಗುಂಡಿ ತಲುಪದೆ ಮೊದಲೇ ನಿಲ್ಲುತ್ತದೆ ಬೇರೆ.

ತಗೊಳ್ಳುವ ಮುಂಚೆ ಬೆರಳ ಮೇಲೆ ಇಟ್ಟು ನೋಡಿ. 33, 34, 35 ಇಂಚು ಮೂರನ್ನೂ ಹಿಡಿದು ನಿಂತು ನೋಡಿ. ಪಟರ್ ಕೈಗೆ ಕೊಡದೆ ಫೋನಲ್ಲೇ ಆರಿಸಿ ಕೊಡುವವರಿಗೆ ದುಡ್ಡು ಹಾಕಬೇಡಿ. ಹಳೆಯದನ್ನು ಮಾತ್ರ ದಯವಿಟ್ಟು ಮಾರಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೇನೆ. 2019ರ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಓಡಬೇಕಿಲ್ಲ. ಶಿವಮೊಗ್ಗದಲ್ಲೇ ಕೊಡುತ್ತೇನೆ. ನಿಮಗೂ ಯಾರಾದರೂ ಹೀಗೇ "ಕತ್ತರಿಸಿ" ಅಂತ ಬರಹದಲ್ಲಿ ಹೇಳಿದ್ದರೆ ಆ ಮೆಸೇಜ್ ಅಳಿಸಬೇಡಿ, ನನಗೆ ತಿಳಿಸಿ. ನನ್ನ ಹತ್ತಿರ ಈಗ ಇರುವುದು ಎರಡು ಬಿಲ್ಲು, ಆ ನಾಲ್ಕು ನಿಮಿಷದ ವಿಡಿಯೊ, ಮತ್ತೆ ಕತ್ತರಿಸಿದ ಎರಡು ಇಂಚಿನ ತುಂಡು.