ಅಡಿಕೆ ಸುಲಿಯುವ ಕೈ ಎಲ್ಲಿ ನಿಂತಿತು: ಮಕ್ಕಳೊಂದಿಗೆ ಓದಿದ ನಾಲ್ಕು ಸಾಹಸ ಕಾದಂಬರಿಗಳು

ಕಳೆದ ಎರಡು ಮಳೆಗಾಲಗಳಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ನಾಲ್ಕು ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಮುಗಿಸಿದೆವು. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಬದಿಯಲ್ಲಿ ನಮ್ಮ ಮನೆ. ಜೋರು ಮಳೆಯ ತುಳು ತಿಂಗಳು ಆಟಿಯಲ್ಲಿ ಸಂಜೆಯಾದರೆ ಹೊರಗೆ ಹೋಗುವ ಮಾತಿಲ್ಲ, ಒಣಗಿದ ಅಡಿಕೆಯ ಗೋಣಿಗಳು ಸುಲಿಯುವುದಕ್ಕೆ ಕಾಯುತ್ತಿರುತ್ತವೆ. ಓದುವವಳು ನಾನು. ಸುಲಿಯುವವರು ಮೂವರು: ಅಕ್ಕನ ಮಗಳಿಗೆ ಹದಿಮೂರು, ತಮ್ಮನ ಮಗನಿಗೆ ಹನ್ನೆರಡು, ನನ್ನಲ್ಲಿ ಪಾಠ ಹೇಳಿಸಿಕೊಳ್ಳಲು ಕಡಲ ಬದಿಯಿಂದ ಬರುವ ಹುಡುಗನಿಗೆ ಹದಿನಾಲ್ಕು. ಅವನ ಅಪ್ಪ ಬೈಕಿನಲ್ಲಿ ಕರೆದುಕೊಂಡು ಹೋಗಲು ಬರುವವರೆಗೆ ಓದು ನಡೆಯುತ್ತಿತ್ತು. ಮೂವರೂ ಕನ್ನಡ ಮಾಧ್ಯಮದವರು. ಇಂಗ್ಲಿಷ್ ಪುಸ್ತಕಗಳನ್ನು ನಾನು ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ.

ಪುಸ್ತಕ ಹಿಡಿಸಿತೇ ಎಂದು ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಅದಕ್ಕೆ ನಾನು ಕೇಳಲಿಲ್ಲ, ಕೈಗಳನ್ನು ನೋಡಿದೆ. ಕಥೆ ಹಿಡಿದರೆ ಸುಲಿಯುವ ಕೈ ತಾನಾಗಿ ನಿಲ್ಲುತ್ತದೆ. ನಿಂತ ಜಾಗದಲ್ಲಿ ಪುಟದ ಅಂಚಿಗೆ ಪೆನ್ಸಿಲಿನ ಗೀಟು ಹಾಕಿಕೊಂಡೆ. ಈ ಹೋಲಿಕೆಯನ್ನು ಆ ಗೀಟುಗಳನ್ನು ನೋಡಿಯೇ ಬರೆಯುತ್ತಿದ್ದೇನೆ.

ಮೊದಲು ತೆಗೆದುಕೊಂಡದ್ದು ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’. 1883ರಲ್ಲಿ ಪುಸ್ತಕವಾಗಿ ಬಂದದ್ದು. ನಿಧಿಯ ನಕ್ಷೆ ಸಿಕ್ಕ ಹುಡುಗ ಜಿಮ್ ಹಡಗೇರಿ ಕಡಲ್ಗಳ್ಳರ ನಡುವೆ ಸಿಲುಕುವ ಕಥೆ. ನಮ್ಮ ಮನೆಯಲ್ಲಿ ಅದರ ಕನ್ನಡ ಸಂಗ್ರಹ ರೂಪ ಒಂದಿತ್ತು, ಇಂಗ್ಲಿಷಿನ ಪೂರ್ಣ ಪುಸ್ತಕವೂ ಇತ್ತು. ಎರಡನ್ನೂ ಪರೀಕ್ಷಿಸಿದೆ. ಸಂಗ್ರಹವನ್ನು ಮೂರು ಸಂಜೆಗಳಲ್ಲಿ ಮುಗಿಸಿದೆವು, ಒಂದೇ ಒಂದು ಗೀಟು ಬೀಳಲಿಲ್ಲ. ಪೂರ್ಣ ಪುಸ್ತಕದಲ್ಲಿ ಎರಡನೆಯ ಸಂಜೆಯೇ ಬಿತ್ತು: ಮಂಜು ಮುಸುಕಿದ ದಾರಿಯಲ್ಲಿ ಕುರುಡ ಪ್ಯೂ ಕೋಲು ಕುಟ್ಟುತ್ತ ಬರುವಲ್ಲಿ. ಸಂಗ್ರಹದಲ್ಲಿ ‘ಒಬ್ಬ ಕುರುಡ ಬಂದು ಕಪ್ಪು ಗುರುತಿನ ಚೀಟಿ ಕೊಟ್ಟು ಹೋದ’ ಎಂದು ಒಂದು ಸಾಲಿತ್ತು. ಘಟನೆ ಉಳಿದಿದೆ, ಕೋಲಿನ ಸದ್ದು ಹೋಗಿದೆ. ಸೇಬಿನ ಪೀಪಾಯಿಯೊಳಗೆ ಕುಳಿತ ಜಿಮ್, ತನಗೆ ಇಷ್ಟವಾಗಿದ್ದ ಒಂಟಿಕಾಲಿನ ಅಡುಗೆಯವನೇ ಕೊಲೆಗೆ ಹೊಂಚು ಹಾಕುವುದನ್ನು ಕೇಳಿಸಿಕೊಳ್ಳುವ ಜಾಗಕ್ಕೂ ಹಾಗೇ ಆಗಿತ್ತು. ಸಾಹಸ ಕಥೆಯಿಂದ ಕಾಯುವ ಹೊತ್ತನ್ನು ಕತ್ತರಿಸಿದರೆ ಉಳಿಯುವುದು ವರದಿ. ಮಕ್ಕಳ ಕೈಗೆ ಸಂಗ್ರಹವನ್ನು ಕೊಟ್ಟು ‘ಇವರಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎನ್ನುವ ಹಿರಿಯರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಆದರೂ ಇತಿಹಾಸದ ಕಾದಂಬರಿ ಎಂದು ನೋಡಿದರೆ ಇದು ತೆಳು. ಕಥೆ ನಡೆದ ವರ್ಷವನ್ನೇ ಲೇಖಕ ಹದಿನೇಳುನೂರ ಇಷ್ಟು ಎಂದು ಅರ್ಧಕ್ಕೆ ಬಿಟ್ಟಿದ್ದಾನೆ. ಇತಿಹಾಸ ಇಲ್ಲಿ ಉಡುಪು ಮಾತ್ರ: ಕತ್ತಿ, ಪಿಸ್ತೂಲು, ಹಾಯಿ. ಒಂದು ಕಡೆ ಜಿಮ್‌ನ ಜೊತೆಗಿರುವ ಡಾಕ್ಟರ್ ಲಿವ್ಸಿ, ತಾನು ಬ್ರಿಟನ್ನಿನ ರಾಜನ ಮಗನೂ ಸೇನಾಪತಿಯೂ ಆದ ಡ್ಯೂಕ್ ಆಫ್ ಕಂಬರ್ಲೆಂಡನ ಕೈಕೆಳಗೆ ಫಾಂಟನಾಯ್ ಯುದ್ಧದಲ್ಲಿ ಗಾಯಗೊಂಡವನು ಎಂದು ಹೇಳಿಕೊಳ್ಳುತ್ತಾನೆ. ಆ ಯುದ್ಧ ನಡೆದದ್ದು 1745ರಲ್ಲಿ. ಹೆಮ್ಮೆಯ ಒಂದು ಮಾತು, ಅಲ್ಲಿಗೆ ಮುಗಿಯಿತು. ಆ ಹೆಸರನ್ನು ನೆನಪಿನಲ್ಲಿಡಿ ಎಂದು ಮಕ್ಕಳಿಗೆ ಹೇಳಿದೆ.

ಏಕೆಂದರೆ ಎರಡನೆಯ ಪುಸ್ತಕ ಅದೇ ಲೇಖಕನ ‘ಕಿಡ್ನ್ಯಾಪ್ಡ್’, 1886ರದ್ದು. ಅದೇ ಡ್ಯೂಕ್ 1746ರ ಏಪ್ರಿಲ್‌ನಲ್ಲಿ ಕಲೋಡನ್ ಎಂಬ ಬಯಲಿನಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರು ರಾಜನ ವಿರುದ್ಧ ಎದ್ದ ದಂಗೆಯನ್ನು ತುಳಿದು ಹಾಕಿದ. ಆ ಮೇಲೆ ಅವರು ಆಯುಧ ಇಡುವಂತಿಲ್ಲ, ತಮ್ಮ ಉಡುಪನ್ನು ಉಡುವಂತಿಲ್ಲ ಎಂದು ಕಾನೂನು ಬಂತು. ಒಂದು ಪುಸ್ತಕದಲ್ಲಿ ಹೆಮ್ಮೆಯ ಹೆಸರು, ಇನ್ನೊಂದರಲ್ಲಿ ಊರೂರೇ ಶಪಿಸುವ ಹೆಸರು. ಇತಿಹಾಸವನ್ನು ಯಾವ ದಡದಲ್ಲಿ ನಿಂತು ನೋಡುತ್ತೇವೆ ಎನ್ನುವುದನ್ನು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಕ್ಕಿಲ್ಲ.

ನಾಲ್ಕರಲ್ಲಿ ಒಂದನ್ನೇ ಆರಿಸು ಎಂದರೆ ನನ್ನ ಆಯ್ಕೆ ‘ಕಿಡ್ನ್ಯಾಪ್ಡ್’. ಅದನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು.

ಅಪ್ಪ ಸತ್ತ ಮೇಲೆ ಹದಿನೇಳರ ಡೇವಿಡ್ ಬಾಲ್ಫರ್ ಚಿಕ್ಕಪ್ಪನ ಮನೆ ಹುಡುಕಿಕೊಂಡು ಹೋಗುತ್ತಾನೆ. ಜಿಪುಣ ಚಿಕ್ಕಪ್ಪ ಗುಡುಗು ಮಳೆಯ ರಾತ್ರಿ, ದೀಪ ಕೊಡದೆ, ಗೋಪುರದ ಮೆಟ್ಟಿಲು ಹತ್ತಿ ಪೆಟ್ಟಿಗೆ ತರಲು ಕಳಿಸುತ್ತಾನೆ. ಮಿಂಚು ಹೊಳೆದಾಗ ಕಾಲು ಅಂಚಿನಲ್ಲೇ ಇರುವುದು ಕಾಣುತ್ತದೆ, ಕೈಯಿಂದ ತಡವುತ್ತ ಹತ್ತಿದಾಗ ಗೊತ್ತಾಗುತ್ತದೆ, ಮುಂದಿನ ಮೆಟ್ಟಿಲೇ ಇಲ್ಲ. ಇಲ್ಲಿ ಮೊದಲ ಗೀಟು. ಚಿಕ್ಕಪ್ಪನ ಮಾತು ಸ್ಕಾಟ್ ನುಡಿಯಲ್ಲಿದೆ. ಅದನ್ನು ಪುಸ್ತಕದ ಕನ್ನಡದಲ್ಲಿ ಹೇಳಿದಾಗ ಸಪ್ಪೆಯಾಯಿತು, ಮರುದಿನ ಹವ್ಯಕ ಮಾತಿನಲ್ಲಿ ಹೇಳಿದೆ. ಮೊದಲು ಮೂವರೂ ನಕ್ಕರು. ಅದೇ ಧಾಟಿಯಲ್ಲಿ, ನಮ್ಮ ಮನೆಯ ಹಿರಿಯರಂತೆ ವಾತ್ಸಲ್ಯದಿಂದ ‘ಮೇಲೆ ಹೋಗಿ ಬಾ ಮಗಾ’ ಎಂದಾಗ ನಗು ಅಡಗಿತು. ಅನುವಾದಕರು ಇದನ್ನು ಗಮನಿಸಬೇಕು ಎಂದು ನನ್ನ ಆಸೆ.

ಆಮೇಲೆ ಚಿಕ್ಕಪ್ಪ ಅವನನ್ನು ಮೋಸದಿಂದ ಒಂದು ಹಡಗಿಗೆ ಹಿಡಿದು ಕೊಡುತ್ತಾನೆ. ಆ ಹಡಗು ಒಡೆದು ಡೇವಿಡ್ ಎರೆಯ್ಡ್ ಎಂಬ ಪುಟ್ಟ ದ್ವೀಪ ಸೇರುತ್ತಾನೆ. ಸುತ್ತ ನೀರು. ಹಸಿ ಚಿಪ್ಪುಮೀನು ತಿಂದು, ಮಳೆಯಲ್ಲಿ ನೆನೆದು ದಿನ ಕಳೆಯುತ್ತಾನೆ. ನಾನು ಕರುಣೆಯಿಂದ ಓದುತ್ತಿದ್ದೆ. ಕಡಲ ಬದಿಯ ಹುಡುಗ ಕೈಯಲ್ಲಿದ್ದ ಅಡಿಕೆಯನ್ನು ಕೆಳಗಿಟ್ಟು, “ಟೀಚರ್, ಅವನು ಇಳಿತಕ್ಕೆ ಯಾಕೆ ಕಾಯುವುದಿಲ್ಲ? ನೀರು ಇಳಿದರೆ ನಡೆದುಕೊಂಡೇ ದಾಟಬಹುದಲ್ಲ,” ಎಂದ. ನಾನು ಪುಟ ಮಗುಚಿ ನೋಡಿ ಸುಮ್ಮನಾದೆ. ಕಥೆಯ ಗುಟ್ಟು ಅದೇ. ದಿನಕ್ಕೆ ಎರಡು ಸಲ ನೀರಿಳಿದಾಗ ಆ ದ್ವೀಪದಿಂದ ಕಾಲು ಒದ್ದೆ ಮಾಡಿಕೊಂಡರೆ ಸಾಕು, ದಾಟಿ ಹೋಗಬಹುದು. ಕಡಲ ತೀರದಲ್ಲಿ ಬೆಳೆದ ಹುಡುಗ ಅಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ ಎಂದು ಡೇವಿಡನೇ ಮುಂದೆ ಒಪ್ಪಿಕೊಳ್ಳುತ್ತಾನೆ. ಶಿರಿಯ ಹೊಳೆಯ ಅಳಿವೆ ಬಾಗಿಲಿನಲ್ಲಿ ಆಡಿ ಬೆಳೆದ ಹುಡುಗನಿಗೆ ನೂರಾರು ಪುಟ ಓದಿದ ನನಗಿಂತ ಮೊದಲೇ ಅದು ಹೊಳೆಯಿತು. ತರಗತಿಯಲ್ಲಿ ಹಿಂದಿನ ಬೆಂಚಿನವನು ಅವನು. ಆ ರಾತ್ರಿ ಅವನು ನೆಟ್ಟಗೆ ಕುಳಿತು ಕೇಳಿದ ರೀತಿ ನನ್ನ ಕಣ್ಣಮುಂದೆ ಇನ್ನೂ ಇದೆ.

ಅದೇ ಪ್ರಸಂಗದಲ್ಲಿ ದೋಣಿಯವರು ದ್ವೀಪದ ಬಳಿ ಹಾಯುತ್ತ ಡೇವಿಡನಿಗೆ ಏನೋ ಕೂಗಿ ಹೇಳುತ್ತಾರೆ, ನಗುತ್ತಾರೆ. ಅವರದು ಗುಡ್ಡಗಾಡಿನವರ ನುಡಿ ಗೇಲಿಕ್, ಅವನಿಗೆ ಬಾರದು. ದಾರಿ ಇದೆ ಎನ್ನುವ ಮಾತು ಕಿವಿಗೆ ಬಿದ್ದರೂ ಅರ್ಥವಾಗದ ಆ ಸ್ಥಿತಿಯನ್ನು ಕಾಸರಗೋಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಒಂದು ಕಚೇರಿಯಲ್ಲಿ ಮಲಯಾಳಂ ಅರ್ಜಿ ನಮೂನೆ ಹಿಡಿದು ಅರ್ಧ ದಿನ ನಿಂತ ತನ್ನ ಅಜ್ಜನ ವಿಷಯವನ್ನು ತಮ್ಮನ ಮಗ ತಾನಾಗಿ ಎತ್ತಿದ. ಅಂದಿನ ಓದು ಅಲ್ಲಿಗೇ ನಿಂತಿತು. ನಿಲ್ಲಿಸಬೇಕಾದ ಜಾಗವೂ ಅದೇ ಆಗಿತ್ತು.

ಆದರೆ ನಾನು ಈ ಪುಸ್ತಕವನ್ನು ಮೇಲಿಡುವುದು ಡೇವಿಡ್ ಮತ್ತು ಅಲನ್ ಬ್ರೆಕ್‌ರ ಗೆಳೆತನಕ್ಕಾಗಿ. ಡೇವಿಡ್ ರಾಜನ ಪಕ್ಷ, ಹಡಗಿನಲ್ಲಿ ಅವನಿಗೆ ಸಿಕ್ಕ ಅಲನ್ ದಂಗೆಯ ಪಕ್ಷ. ಒಬ್ಬನ ಪ್ರಾಣ ಇನ್ನೊಬ್ಬನ ಕೈಯಲ್ಲಿದೆ. ಅಲನ್ ಇಸ್ಪೀಟಾಡಿ ಡೇವಿಡನ ಹಣವನ್ನೂ ಕಳೆದ ಮೇಲೆ ಇಬ್ಬರೂ ದಿನಗಟ್ಟಲೆ ಮಾತಿಲ್ಲದೆ ನಡೆಯುತ್ತಾರೆ. ಕಡೆಗೆ ಡೇವಿಡ್ ಅಲನ್‌ನ ಸೋತ ಪಕ್ಷವನ್ನೇ ಎತ್ತಿ ಹಂಗಿಸುತ್ತಾನೆ, ಕತ್ತಿ ಹಿರಿಯುತ್ತಾನೆ. ಕತ್ತಿಯಲ್ಲಿ ಪಳಗಿದ ಅಲನ್ ತನ್ನಿಂದಾಗದು ಎಂದು ಕತ್ತಿಯನ್ನು ನೆಲಕ್ಕೆ ಎಸೆಯುತ್ತಾನೆ. ಅಲ್ಲಿ ನಾನು ಹಾಕಿದ ಗೀಟು ಪುಟದುದ್ದಕ್ಕೂ ಇದೆ. ಇತಿಹಾಸ ಇಲ್ಲಿ ಪಾಠವಾಗಿ ಬರುವುದಿಲ್ಲ, ಇಬ್ಬರು ಗೆಳೆಯರ ನಡುವೆ ಬಂದು ನಿಲ್ಲುತ್ತದೆ. ಹದಿಹರೆಯದವರಿಗೆ ಗೆಳೆತನಕ್ಕಿಂತ ದೊಡ್ಡ ವಿಷಯ ಇದೆಯೇ?

ಕುಂದೂ ಇದೆ. ಕೊನೆಯ ಭಾಗದಲ್ಲಿ ವಕೀಲರ ಮಾತುಕತೆ ಎಳೆಯುತ್ತದೆ. ಹೆಣ್ಣುಮಕ್ಕಳು ಬಂದು ಹೋಗುವುದು ಒಂದೆರಡು ಕಡೆ ಮಾತ್ರ. “ಚಿಕ್ಕಮ್ಮ, ದೋಣಿ ದಾಟಿಸಿದ ಆ ಹೋಟೆಲಿನ ಹುಡುಗಿಯ ಹೆಸರನ್ನು ಯಾಕೆ ಹೇಳಲಿಲ್ಲ?” ಎಂದು ಅಕ್ಕನ ಮಗಳು ಕೇಳಿದಳು. ಇಬ್ಬರ ಪ್ರಾಣ ಉಳಿಸಿದವಳು ಅವಳು. ಪ್ರಶ್ನೆ ನ್ಯಾಯವಾದದ್ದು.

ಮೂರನೆಯದು ರೋಸ್‌ಮರಿ ಸಟ್‌ಕ್ಲಿಫ್ ಬರೆದ ‘ದಿ ಈಗಲ್ ಆಫ್ ದಿ ನೈನ್ತ್’, 1954. ರೋಮನ್ನರ ಕಾಲದ ಬ್ರಿಟನ್. ಕಾಲಿಗೆ ಪೆಟ್ಟಾಗಿ ಸೈನ್ಯ ಬಿಟ್ಟ ಮಾರ್ಕಸ್, ಅಪ್ಪನಿದ್ದ ಒಂಬತ್ತನೆಯ ಸೇನೆ ಕಳೆದುಕೊಂಡ ಹದ್ದಿನ ಲಾಂಛನವನ್ನು ಹುಡುಕಲು, ಕಣ್ಣಿನ ವೈದ್ಯನ ವೇಷದಲ್ಲಿ, ರೋಮನ್ನರು ಉತ್ತರದ ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆಯಾಚೆ ಹೋಗುತ್ತಾನೆ. ಜೊತೆಗೆ ಅವನು ಬಿಡುಗಡೆ ಮಾಡಿದ ಗುಲಾಮ ಎಸ್ಕಾ. ನಾಲ್ಕರಲ್ಲಿ ವರ್ಣನೆ ಅತ್ಯಂತ ಚೆಲುವಾದದ್ದು ಇದರಲ್ಲೇ. ಆದರೆ ಗಟ್ಟಿಯಾಗಿ ಓದಲು ಒಗ್ಗಲಿಲ್ಲ. ಅಡಿಕೆ ಬೇಗ ಬೇಗ ಸುಲಿದಾಯಿತು. ಅಕ್ಕನ ಮಗಳು ಮಾತ್ರ ಪುಸ್ತಕವನ್ನು ತೆಗೆದುಕೊಂಡು ಹೋಗಿ, ನಿಘಂಟು ಇಟ್ಟುಕೊಂಡು, ಒಬ್ಬಳೇ ಎರಡು ತಿಂಗಳು ಓದಿದಳು. ರೋಮನ್ನರ ಕಠಾರಿ ಒರೆಯ ಬಿಗಿಯಾದ ಚಿತ್ತಾರ, ಬ್ರಿಟನ್ನರ ಗುರಾಣಿಯ ಹರಿಯುವ ಬಳ್ಳಿಯಂಥ ಚಿತ್ತಾರ, ಇವೆರಡನ್ನು ತೋರಿಸಿ ಎಸ್ಕಾ ಎರಡು ಜನಾಂಗಗಳ ಮನಸ್ಸನ್ನು ವಿವರಿಸುವ ಭಾಗವಿದೆ. ಅದನ್ನು ಓದಿ ಎರಡೂ ಚಿತ್ತಾರಗಳನ್ನು ನೋಟ್ ಪುಸ್ತಕದಲ್ಲಿ ಬಿಡಿಸಿದ್ದಳು. ಒಂಟಿಯಾಗಿ ಓದುವ ಮಗುವಿಗೆ ಈ ಪುಸ್ತಕ ಕೊಡಿ, ಗುಂಪಿಗೆ ಬೇಡ.

ಅವಳ ವಿಮರ್ಶೆಯಲ್ಲಿ ಒಂದು ಆಕ್ಷೇಪವಿತ್ತು: ರೋಮನ್ನರು ಪರರ ನೆಲಕ್ಕೆ ಬಂದವರು, ಸೋತು ಬಿಟ್ಟ ಹದ್ದನ್ನು ಗುಡಿಯಿಂದ ಕದ್ದು ತರುವುದು ಹೇಗೆ ಸಾಹಸವಾಯಿತು? ಪುಸ್ತಕ ಈ ಪ್ರಶ್ನೆಯ ಹತ್ತಿರ ಬಂದು, ಪೂರ್ತಿ ಎದುರಿಸದೆ ಮುಂದೆ ಹೋಗುತ್ತದೆ ಎಂದೇ ನನ್ನ ಅಭಿಪ್ರಾಯ.

ಇತಿಹಾಸದ ಕಾದಂಬರಿಯ ವಿಮರ್ಶೆಯಲ್ಲಿ ಸತ್ಯ ಎಷ್ಟು, ಕಟ್ಟಿದ್ದು ಎಷ್ಟು ಎಂದು ಹೇಳಲೇಬೇಕು. ಸಟ್‌ಕ್ಲಿಫ್‌ಗೆ ಪ್ರೇರಣೆಯಾದ ರೆಕ್ಕೆಯಿಲ್ಲದ ಕಂಚಿನ ಹದ್ದು ಸಿಲ್ಚೆಸ್ಟರ್‌ನಲ್ಲಿ 1866ರಲ್ಲಿ ಸಿಕ್ಕಿತು. ಅದು ಸೇನೆಯ ಲಾಂಛನವಲ್ಲ, ಯಾವುದೋ ಪ್ರತಿಮೆಯ ಭಾಗ ಎಂಬುದು ಈಗಿನ ವಿದ್ವಾಂಸರ ಮಾತು. ಒಂಬತ್ತನೆಯ ಸೇನೆಯ ಕುರುಹುಗಳು ನೆದರ್ಲೆಂಡ್ಸ್‌ನಲ್ಲೂ ಸಿಕ್ಕಿವೆ, ಹಾಗಾಗಿ ಅದು ಬ್ರಿಟನ್ನಿನಲ್ಲೇ ಕಾಣೆಯಾಯಿತು ಎಂದು ಖಚಿತವಾಗಿ ಹೇಳುವಂತಿಲ್ಲ. ‘ಕಿಡ್ನ್ಯಾಪ್ಡ್’ನಲ್ಲಿ ಬರುವ, ರಾಜನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ ಕಾಲಿನ್ ಕ್ಯಾಂಪ್‌ಬೆಲ್‌ನ ಕೊಲೆ ನಿಜವಾಗಿ ನಡೆದದ್ದು 1752ರಲ್ಲಿ, ಸ್ಟೀವನ್‌ಸನ್ ಅದನ್ನು 1751ಕ್ಕೆ ಸರಿಸಿ, ಸರಿಸಿದ್ದೇನೆಂದು ಅರ್ಪಣೆಯಲ್ಲೇ ಒಪ್ಪಿಕೊಂಡಿದ್ದಾನೆ. ಹಾಗೆ ಒಪ್ಪಿಕೊಳ್ಳುವ ಲೇಖಕನ ಮೇಲೆ ನನಗೆ ಗೌರವ ಹೆಚ್ಚು.

ಮಕ್ಕಳಿಗೂ ವಿಮರ್ಶೆ ಬರೆಯಲು ಹೇಳಿದ್ದೆ. ಮೊದಲ ಸಲ ಮೂವರೂ ಕಥಾಸಾರ ಬರೆದು ಕೊನೆಗೆ ನೀತಿಯೊಂದನ್ನು ಅಂಟಿಸಿದರು. ಎರಡನೆಯ ಸಲ ಪ್ರಶ್ನೆಗಳನ್ನು ಬದಲಿಸಿದೆ: ಯಾರ ಮೇಲೆ ಸಿಟ್ಟು ಬಂತು? ಎಲ್ಲಿ ಬೇಸರವಾಯಿತು? ನೀನಾಗಿದ್ದರೆ ಯಾವ ತಪ್ಪನ್ನು ಮಾಡುತ್ತಿರಲಿಲ್ಲ? ಆಗ ಬಂದ ಬರಹಗಳಿಗೆ ಜೀವವಿತ್ತು. “ಅತ್ತೆ, ಬೇಸರವಾಯಿತೆಂದು ಬರೆದರೆ ಅಂಕ ಕಡಿಮೆ ಮಾಡುವುದಿಲ್ಲವಲ್ಲ?” ಎಂದು ಕೇಳಿಕೊಂಡು ತಮ್ಮನ ಮಗ ವಕೀಲರ ಅಧ್ಯಾಯದ ಮೇಲೆ ಅರ್ಧ ಪುಟ ಬರೆದ.

ಕೊನೆಯದು ನಮ್ಮದೇ ಜಿಲ್ಲೆಯ ಕಥೆ, ನಿರಂಜನರ ‘ಚಿರಸ್ಮರಣೆ’, 1955. ಇದನ್ನು ಬಾಲಕರಿಗೆಂದು ಬರೆದದ್ದಲ್ಲ. ಜನ್ಮಿಗಳ, ಎಂದರೆ ಜಮೀನ್ದಾರರ, ವಿರುದ್ಧ ಎದ್ದ ಕಯ್ಯೂರಿನ ರೈತರ ಹೋರಾಟ, 1941ರ ಮಾರ್ಚ್‌ನಲ್ಲಿ ಹೊಳೆಯಲ್ಲಿ ಪೊಲೀಸನೊಬ್ಬನ ಸಾವು, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು. ಅಪ್ಪು, ಚಿರುಕಂಡ, ಅವರ ಕಣ್ಣು ತೆರೆಸುವ ಮಾಸ್ತರು, ಇವರ ಸುತ್ತ ಕಾದಂಬರಿ ಬೆಳೆಯುತ್ತದೆ. ಆರಂಭ ನಿಧಾನ. ಸಭೆ, ಭಾಷಣಗಳಲ್ಲಿ ಮಕ್ಕಳ ಗಮನ ಚದುರಿತು, ಅದನ್ನು ಮುಚ್ಚಿಡಲಾರೆ. ಆದರೆ ‘ಕಿಡ್ನ್ಯಾಪ್ಡ್’ ಮೊದಲು ಓದಿದ್ದು ಇಲ್ಲಿ ನೆರವಿಗೆ ಬಂತು. ಅಲ್ಲಿನ ಬಡ ಒಕ್ಕಲುಗಳು ರಾಜನಿಗೊಂದು, ದೇಶಾಂತರ ಹೋದ ತಮ್ಮ ಒಡೆಯನಿಗೊಂದು ಎಂದು ಎರಡೆರಡು ಗೇಣಿ ಕೊಡುತ್ತಾರೆ. ಗೇಣಿ ಎಂದರೆ ಏನು, ಅದು ಯಾರ ಹೊಟ್ಟೆಯಿಂದ ಬರುತ್ತದೆ ಎಂದು ಕಯ್ಯೂರಿಗೆ ಬಂದಾಗ ನಾನು ಹೇಳಬೇಕಾಗಲಿಲ್ಲ. ಓದಿನ ಕ್ರಮವೂ ಮುಖ್ಯ ಎಂದು ನನಗೆ ಗೊತ್ತಾದದ್ದು ಹೀಗೆ. ಹದಿನೈದು ತುಂಬುವ ಮೊದಲು ‘ಚಿರಸ್ಮರಣೆ’ ಕೊಡಬೇಡಿ, ಕೊಟ್ಟರೆ ಜೊತೆಯಲ್ಲಿ ಕುಳಿತು ಓದಿ. ಇಲ್ಲಿ ಕೊನೆಯ ಗಳಿಗೆಯಲ್ಲಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಜೈಲಿನ ಪುಟಗಳ ದಿನ ಕೈ ನಿಂತದ್ದು ಮಾತ್ರವಲ್ಲ, ಗೋಣಿಯ ಬಾಯಿಯನ್ನೇ ಬಿಚ್ಚಲಿಲ್ಲ. ಕಡಲ ಬದಿಯ ಹುಡುಗನ ತಾಯಿಯ ಮನೆ ನೀಲೇಶ್ವರದ ಕಡೆ. ಅವನ ಅಮ್ಮಮ್ಮನಿಗೆ ಮಾತು, ಓದು ಎಲ್ಲ ಮಲಯಾಳಂ. ಓಣಂ ರಜೆಗೆ ಹೋಗುವಾಗ ಪುಸ್ತಕವನ್ನು ಕೇಳಿ ತೆಗೆದುಕೊಂಡು ಹೋದ. ಅಲ್ಲಿ ಅವನು ಹೆಸರು ಹೇಳಿದ ಕೂಡಲೇ ಅಮ್ಮಮ್ಮ, ಅದು ನಮ್ಮ ಮಲಯಾಳಂ ಪುಸ್ತಕ, ಎಳವೆಯಲ್ಲಿ ಓದಿದ್ದೇನೆ ಎಂದರಂತೆ. ಮೊದಲು ಬರೆದದ್ದು ಕನ್ನಡದಲ್ಲಿ ಎಂದು ಅವನು ಎಷ್ಟು ಹೇಳಿದರೂ ನಂಬಲಿಲ್ಲವಂತೆ. ಹಾಗಾದರೆ ಓದು ನೋಡುವ ಎಂದರು. ಅವನು ಕನ್ನಡದಲ್ಲಿ ಒಂದು ವಾಕ್ಯ ಓದಿ ಮಲಯಾಳದಲ್ಲಿ ಹೇಳುವುದು, ಮುಂದಿನದ್ದನ್ನು ಅವರು ನೆನಪಿನಿಂದ ಹೇಳುವುದು, ಹೀಗೆ ರಜೆಯ ಹತ್ತು ದಿನ ಕಳೆಯಿತಂತೆ. ಪುಸ್ತಕ ಇನ್ನೂ ಅಲ್ಲೇ ಇದೆ. “ಅಮ್ಮಮ್ಮ ಕೊಡುವುದಿಲ್ಲ ಎನ್ನುತ್ತಾರೆ ಟೀಚರ್,” ಎಂದು ಮೊನ್ನೆ ಹೇಳಿದ. ಈ ಆಟಿಗೆ ನಾನು ಇನ್ನೊಂದು ಪ್ರತಿಯನ್ನು ತರಿಸಿದ್ದೇನೆ.