ಡಿಕಿ ಲಾಕ್‌ವುಡ್‌ನ ಜಾಡು ಹಿಡಿಯಲು ಯಾವ ಹಳೆ ಪತ್ರಿಕೆಗಳ ತಾಣಕ್ಕೆ ದುಡ್ಡು ಕಟ್ಟಬೇಕು?

ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ಗೆ ಒಂದು ತಿಂಗಳ ಚಂದಾ ಸಾಕು, ವರ್ಷದ್ದು ಬೇಡ. ಆ ಒಂದು ತಿಂಗಳನ್ನೂ ಮೊದಲ ದಿನವೇ ಶುರು ಮಾಡಬೇಡಿ. ಪುಕ್ಕಟೆ ತಾಣಗಳನ್ನು ಮೊದಲು ಜಾಲಾಡಿ, ತಾರೀಖುಗಳ ಪಟ್ಟಿ ಕೈಗೆ ಬಂದ ಮೇಲೆ ಕಟ್ಟಿ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಇಂಗ್ಲೆಂಡಿನ ಹಳೆಯ ರಗ್ಬಿ ಆಟಗಾರನೊಬ್ಬನ ಬದುಕನ್ನು ಜೋಡಿಸಲು ಹೊರಟವರು ದುಡ್ಡು ಕಳೆದುಕೊಳ್ಳುವುದು ಈ ಕ್ರಮ ತಲೆಕೆಳಗಾದಾಗಲೇ.

ಈ ತಾಣಗಳನ್ನು ತೂಗಿ ನೋಡಲು ಇಲ್ಲಿ ಹಿಡಿದಿರುವ ಹೆಸರು ರಿಚರ್ಡ್ ಎವಿಸನ್ ಲಾಕ್‌ವುಡ್. ಜನರ ಬಾಯಲ್ಲಿ ಡಿಕಿ. ವೇಕ್‌ಫೀಲ್ಡ್ ಬಳಿಯ ಕ್ರಿಗಲ್‌ಸ್ಟೋನ್‌ನಲ್ಲಿ 1867ರ ನವೆಂಬರ್ 11ರಂದು ಹುಟ್ಟಿದ. ಹದಿನಾರಕ್ಕೇ ಡ್ಯೂಸ್‌ಬರಿ ತಂಡ ಸೇರಿದ, 1889ರಲ್ಲಿ ಹೆಕ್ಮಂಡ್‌ವೈಕ್‌ಗೆ ಹೋದ. ಎತ್ತರ ಐದು ಅಡಿ ನಾಲ್ಕೂವರೆ ಇಂಚು, ಆಡುತ್ತಿದ್ದದ್ದು ತ್ರೀಕ್ವಾರ್ಟರ್ ಜಾಗದಲ್ಲಿ, ಅಂದರೆ ಚೆಂಡು ಹಿಡಿದು ಓಡುವ ಹಿಂದಿನ ಸಾಲಿನಲ್ಲಿ. 1887ರಿಂದ 1894ರವರೆಗೆ ಇಂಗ್ಲೆಂಡ್ ಪರ 14 ಪಂದ್ಯ, ಕೊನೆಯ ಎರಡರಲ್ಲಿ ನಾಯಕ. 1895ರಲ್ಲಿ ರಗ್ಬಿ ಒಡೆದು ಎರಡಾದಾಗ ವೇಕ್‌ಫೀಲ್ಡ್ ಟ್ರಿನಿಟಿ ಸೇರಿ, ಮುಂದೆ ರಗ್ಬಿ ಲೀಗ್ ಎನಿಸಿಕೊಂಡ ನಾರ್ದರ್ನ್ ಯೂನಿಯನ್ ಬಣದಲ್ಲಿ ಆಡಿದ. ಎರಡು ದೋಣಿಯಲ್ಲಿ ಕಾಲಿಡುವ ಅವಕಾಶ ಆಗ ಇರಲಿಲ್ಲ. ಆ ಬಣದಲ್ಲಿ ಒಮ್ಮೆ ಆಡಿದವನಿಗೆ ಹಳೆಯ ರಗ್ಬಿ ಯೂನಿಯನ್ನಿನ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ಹುಡುಕುವವರಿಗೆ ಇದು ಬರೀ ಹಿನ್ನೆಲೆಯಲ್ಲ, ಯಾವ ಪತ್ರಿಕೆಯಲ್ಲಿ ಹೆಸರು ಸಿಗುತ್ತದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಇದೇ ತೀರ್ಮಾನಿಸುತ್ತದೆ.

ಮೊದಲು ಜನನ ಮರಣದ ಲೆಕ್ಕ. ಜನನ, ಮದುವೆ, ಮರಣದ ಸೂಚಿ ಹುಡುಕುವ ಫ್ರೀಬಿಎಂಡಿ ತಾಣ ಪುಕ್ಕಟೆ, ವೇಗವಾಗಿದೆ, ನೋಡಲು ಮಾತ್ರ ಇಪ್ಪತ್ತು ವರ್ಷ ಹಳೆಯದು. ಇಂಗ್ಲೆಂಡಿನ ನೋಂದಣಿ ಸೂಚಿ ಮೂರು ತಿಂಗಳಿಗೊಂದರಂತೆ ಕಟ್ಟಿದ್ದು. ಮಗುವಿನ ಹೆಸರು ಬರೆಸಲು ತಂದೆ ತಾಯಿಗೆ 42 ದಿನ ಅವಕಾಶ ಇತ್ತು. ನವೆಂಬರ್ 11ರ ಮಗುವಿಗೆ ಆ ಗಡುವು ಡಿಸೆಂಬರ್ 23ಕ್ಕೆ ಮುಗಿಯುವುದರಿಂದ ಹೆಸರು 1867ರ ಕೊನೆಯ ತ್ರೈಮಾಸಿಕದಲ್ಲೇ ಇರಬೇಕು, ತಡವಾಗಿ ಬರೆಸಿದ್ದರೆ ಮಾತ್ರ 1868ರ ಮೊದಲನೆಯದರಲ್ಲಿ. ಎರಡನ್ನೂ ನೋಡದೆ 'ಸಿಗಲಿಲ್ಲ' ಎನ್ನಬಾರದು. ಇಲ್ಲಿ ಬೀಗದ ಕೈ ಎಂದರೆ ಎವಿಸನ್ ಎಂಬ ನಡುವಿನ ಹೆಸರು. ಯಾರ್ಕ್‌ಷೈರಿನಲ್ಲಿ ರಿಚರ್ಡ್ ಲಾಕ್‌ವುಡ್ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಎವಿಸನ್ ಸೇರಿಸಿದರೆ ಗುಂಪು ಕರಗುತ್ತದೆ.

ಫ್ರೀಬಿಎಂಡಿಯ ಮೂಲ ಸೂಚಿಯಲ್ಲಿ ತಾಯಿಯ ತವರು ಹೆಸರು ಕಾಣುವುದು 1911ರ ಮಧ್ಯದಿಂದ ಮಾತ್ರ. ಅದಕ್ಕೂ ಹಿಂದಿನದಕ್ಕೆ ಸರ್ಕಾರದ ಜನರಲ್ ರಿಜಿಸ್ಟರ್ ಆಫೀಸಿನ ಸ್ವಂತ ಸೂಚಿ ಬೇಕು. ಅಲ್ಲಿ 1837ರಿಂದಲೇ ಆ ಹೆಸರಿದೆ. ಖಾತೆ ತೆರೆದರೆ ಹುಡುಕಾಟ ಉಚಿತ, ಪ್ರತಿಗೆ ದುಡ್ಡು. 2024ರ ಏಪ್ರಿಲ್‌ನಲ್ಲಿ ಏರಿದ ದರದಂತೆ ಡಿಜಿಟಲ್ ಚಿತ್ರಕ್ಕೆ 3 ಪೌಂಡ್, ಪಿಡಿಎಫ್‌ಗೆ 8, ಮುದ್ರಿತ ಪ್ರಮಾಣಪತ್ರಕ್ಕೆ 12.50. ಲಾಕ್‌ವುಡ್‌ನ ಜನನಕ್ಕೆ 3 ಪೌಂಡಿನದು ಸಾಕು. ಮರಣ 1915ರ ನವೆಂಬರ್ 10ರದ್ದು, ಲೀಡ್ಸ್‌ನಲ್ಲಿ. ಮರಣದ ಡಿಜಿಟಲ್ ಚಿತ್ರಗಳು ಹತ್ತೊಂಬತ್ತನೇ ಶತಮಾನ ಮುಗಿಯುವ ಮುನ್ನವೇ ನಿಂತುಬಿಡುತ್ತವೆ, ಆದ್ದರಿಂದ 8 ಪೌಂಡಿನ ಪಿಡಿಎಫ್ ಅನಿವಾರ್ಯ. ಸಾವಿನ ಕಾರಣ, ಕಸುಬು, ಸುದ್ದಿ ಕೊಟ್ಟವರು ಯಾರು ಎಂಬ ಮೂರೂ ಅದರಲ್ಲೇ ಇರುವುದರಿಂದ ಅದು ದಂಡವಲ್ಲ. ಸೂಚಿಯಲ್ಲಿ ವಯಸ್ಸು ಹುಡುಕುವಾಗ 47 ಎಂದೇ ಹಾಕಿ. ನಲವತ್ತೆಂಟಕ್ಕೆ ಒಂದು ದಿನ ಬಾಕಿ ಇತ್ತು. ಮುದ್ರಿತ ಪ್ರಮಾಣಪತ್ರ ಕೋರ್ಟು ಕಚೇರಿಗೆ ಬೇಕಾದವರಿಗೆ, ನಮಗಲ್ಲ.

ಪುಕ್ಕಟೆ ತಾಣಗಳಲ್ಲಿ ಎಲ್ಲಕ್ಕಿಂತ ಮೇಲು ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದ ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್. ಖಾತೆ ಬೇಡ, ಕಾರ್ಡು ಬೇಡ; 1919ರವರೆಗಿನ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿವೆ. ಇಂಗ್ಲೆಂಡಿನ ಆಟಗಾರನಿಗೆ ವೇಲ್ಸ್ ಪತ್ರಿಕೆ ಯಾಕೆ ಎಂದರೆ, ಲಾಕ್‌ವುಡ್ ಮೊದಲ ಬಾರಿ ಇಂಗ್ಲೆಂಡ್ ಅಂಗಿ ತೊಟ್ಟದ್ದೇ 1887ರ ಜನವರಿ 8ರಂದು ಲನೆಥ್ಲಿಯಲ್ಲಿ, ವೇಲ್ಸ್ ವಿರುದ್ಧ. ಮೈದಾನ ಹೆಪ್ಪುಗಟ್ಟಿ, ಪಕ್ಕದ ಕ್ರಿಕೆಟ್ ಅಂಗಳದಲ್ಲಿ ಆಡಿ, ಎರಡೂ ಕಡೆ ಸೊನ್ನೆಯಲ್ಲಿ ಮುಗಿದ ಪಂದ್ಯ ಅದು. 1893ರ ಜನವರಿ 7ರ ಕಾರ್ಡಿಫ್ ಪಂದ್ಯವೂ ಅಂಥದ್ದೇ: ರಾತ್ರಿಯೆಲ್ಲ ಕೆಂಡದ ಒಲೆಗಳನ್ನಿಟ್ಟು ಮೈದಾನದ ಹಿಮ ಕರಗಿಸಿದ್ದರು, ವೇಲ್ಸ್ 12-11ರಲ್ಲಿ ಗೆದ್ದಿತು. ಸೌತ್ ವೇಲ್ಸ್ ಡೈಲಿ ನ್ಯೂಸ್, ಈವ್ನಿಂಗ್ ಎಕ್ಸ್‌ಪ್ರೆಸ್ ಪತ್ರಿಕೆಗಳು ಇಂಥ ಪಂದ್ಯಕ್ಕೆ ಉದ್ದುದ್ದ ಕಾಲಂ ಬಿಟ್ಟುಕೊಡುತ್ತಿದ್ದವು. ಎದುರಾಳಿಯ ಊರಿನ ಪತ್ರಿಕೆಗೆ ನಮ್ಮವನನ್ನು ಹೊಗಳುವ ಹಂಗಿಲ್ಲ, ಅದೂ ಒಂದು ಲಾಭ.

ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಕೂಡ ಉಚಿತ, ಆದರೆ ಲಾಕ್‌ವುಡ್ ವಿಷಯದಲ್ಲಿ ಒಂದೇ ಪಂದ್ಯಕ್ಕೆ ಉಪಯೋಗ: 1889ರ ಫೆಬ್ರವರಿ 16, ಬ್ಲ್ಯಾಕ್‌ಹೀತ್, ಇಂಗ್ಲೆಂಡ್ ಮತ್ತು ನ್ಯೂಜಿಲೆಂಡಿನಿಂದ ಪ್ರವಾಸ ಬಂದಿದ್ದ ನೇಟಿವ್ಸ್ ತಂಡ. ಇಂಗ್ಲೆಂಡ್ ಆಟಗಾರ ಸ್ಟೊಡಾರ್ಟ್‌ನ ಚಡ್ಡಿ ಹರಿದು, ಎದುರಾಳಿಗಳು ಅವನಿಗೆ ಮರೆ ಮಾಡಲು ಸುತ್ತುಗಟ್ಟಿ ನಿಂತಾಗ ಇಂಗ್ಲೆಂಡ್ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದು) ಹೊಡೆದುಕೊಂಡ ಜಗಳದ ಪಂದ್ಯ. ರೆಫರಿ ರೋಲಂಡ್ ಹಿಲ್, ಇಂಗ್ಲೆಂಡ್ ರಗ್ಬಿ ಸಂಸ್ಥೆಯ ಕಾರ್ಯದರ್ಶಿಯೇ! ಇಲ್ಲಿ ಎಡವುವುದು ತಾರೀಖಿನಲ್ಲಿ. ತಂತಿಯಲ್ಲಿ ಬಂದ ಎರಡು ಸಾಲು ಮರುದಿನಗಳಲ್ಲೇ ಅಚ್ಚಾಗುತ್ತದೆ. ವಿವರದ ವರದಿ ಹಡಗಿನಲ್ಲಿ ಬರಬೇಕು. ಫೆಬ್ರವರಿಯಲ್ಲೇ ಹುಡುಕಿ ಸುಮ್ಮನಾಗದೆ ಮಾರ್ಚ್ ಕೊನೆ, ಏಪ್ರಿಲ್‌ವರೆಗೆ ಹೋಗಿ.

ಆಸ್ಟ್ರೇಲಿಯಾದ ಹಳೆ ಪತ್ರಿಕೆಗಳ ಟ್ರೋವ್ ಒಳ್ಳೆಯ ತಾಣ, ಈ ಕೆಲಸಕ್ಕೆ ಕೆಟ್ಟದ್ದು. ಲಾಕ್‌ವುಡ್ ಎಂದು ಬರೆದರೆ ಬರುವುದೆಲ್ಲ ಸರ್ರೆಯ ವೇಗದ ಬೌಲರ್ ಬಿಲ್ ಲಾಕ್‌ವುಡ್. ಆತ 1894-95ರಲ್ಲಿ ಇಂಗ್ಲೆಂಡ್ ತಂಡದ ಜೊತೆ ಅಲ್ಲಿಗೆ ಹೋಗಿದ್ದ. ಡಿಕಿಯ ಮುಂದಿನ ತಲೆಮಾರಿನ ಆಟಗಾರರನ್ನು ಹುಡುಕುವವರಿಗೆ ಮಾತ್ರ ಟ್ರೋವ್ ಚಿನ್ನ. ಗ್ಲೌಸ್ಟರ್‌ನಿಂದ ಬಂದು 1908ರಲ್ಲಿ ಇಂಗ್ಲೆಂಡಿಗೆ ಯೂನಿಯನ್ ಆಡಿ, ಆಮೇಲೆ ಓಲ್ಡಮ್ ಸೇರಿದ ಆಲ್ಫ್ ವುಡ್‌ನನ್ನು ನೋಡಿ: 1914ರ ಜುಲೈ 4ರಂದು ಸಿಡ್ನಿಯಲ್ಲಿ ಆಟಗಾರರು ಗಾಯಗೊಂಡು ಒಬ್ಬೊಬ್ಬರಾಗಿ ಕಡಿಮೆಯಾದ ಬ್ರಿಟನ್ ತಂಡ ಆಸ್ಟ್ರೇಲಿಯಾ ವಿರುದ್ಧ 14-6ರಲ್ಲಿ ಗೆದ್ದಾಗ ಆತ ಹೊಡೆದದ್ದು ನಾಲ್ಕು ಗೋಲ್. ಆ ವಾರದ ಸಿಡ್ನಿ ಪತ್ರಿಕೆಗಳೆಲ್ಲ ಟ್ರೋವ್‌ನಲ್ಲಿ ಕಾಸಿಲ್ಲದೆ ಸಿಗುತ್ತವೆ. ವುಡ್ ಎಂದಷ್ಟೇ ಹುಡುಕಿದರೆ ಸೌದೆ ಡಿಪೋದ ಜಾಹೀರಾತು ಬರುತ್ತದೆ, ಓಲ್ಡಮ್ ಸೇರಿಸಿ.

ಇನ್ನು ದುಡ್ಡಿನ ತಾಣ. ಬ್ರಿಟಿಷ್ ಲೈಬ್ರರಿಯ ಪತ್ರಿಕೆಗಳನ್ನು ವಂಶಾವಳಿ ಹುಡುಕುವ ತಾಣ ಫೈಂಡ್‌ಮೈಪಾಸ್ಟ್ ಜೊತೆ ಸೇರಿ 2011ರಿಂದ ಒದಗಿಸುತ್ತಿರುವ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಇಲ್ಲದೆ ಲಾಕ್‌ವುಡ್‌ನ ಕ್ಲಬ್ ಬದುಕು ಸಿಗುವುದಿಲ್ಲ. ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್, ಲೀಡ್ಸ್ ಮರ್ಕ್ಯುರಿ, ಹಡರ್ಸ್‌ಫೀಲ್ಡ್ ಕ್ರಾನಿಕಲ್, ಬ್ಯಾಟ್ಲಿ ರಿಪೋರ್ಟರ್, ಮ್ಯಾಂಚೆಸ್ಟರಿನ ಅಥ್ಲೆಟಿಕ್ ನ್ಯೂಸ್ ಎಲ್ಲ ಇಲ್ಲಿವೆ. ಪುಟದ ಚಿತ್ರ ಚೆನ್ನಾಗಿದೆ, ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಚಂದಾ ಇಲ್ಲದೆಯೂ ಹುಡುಕಬಹುದು, ಫಲಿತಾಂಶದ ನಾಲ್ಕು ಸಾಲು ಕಾಣುತ್ತದೆ. ಈ ಸೌಲಭ್ಯವನ್ನು ಹಿಂಡಿ ಬಳಸಿ: ಯಾವ ಪತ್ರಿಕೆ, ಯಾವ ದಿನ, ಯಾವ ಪುಟ ಎಂದು ಮೊದಲೇ ಬರೆದಿಟ್ಟುಕೊಂಡರೆ ಚಂದಾ ಕಟ್ಟಿದ ಮೇಲೆ ಉಳಿಯುವುದು ಪುಟ ಇಳಿಸುವ ಕೂಲಿ ಕೆಲಸ ಮಾತ್ರ.

ದೋಷ ಎಲ್ಲಿದೆ ಎಂದರೆ ಅಕ್ಷರ ಓದುವ ಯಂತ್ರದಲ್ಲಿ. 1890ರ ದಶಕದ ಫುಟ್‌ಬಾಲ್ ಕಾಲಂ ಅಂದರೆ ಇರುವೆ ಸಾಲಿನಂಥ ಅಚ್ಚು. ಶಾಯಿ ಹರಡಿ, ಕಾಗದದ ಹಿಂಬದಿಯ ಅಕ್ಷರ ಮುಂದೆ ಕಂಡು, ಹೆಸರು ಸಾಲಿನ ಕೊನೆಯಲ್ಲಿ ಎರಡು ತುಂಡಾಗಿ, ಯಂತ್ರ ಏನನ್ನೋ ಓದಿಕೊಂಡಿರುತ್ತದೆ. ಹಾಗಾಗಿ ಹೆಸರು ಹಾಕಿ ಏನೂ ಬರದಿದ್ದರೆ ಸುದ್ದಿ ಇಲ್ಲ ಎಂದು ಅರ್ಥವಲ್ಲ. ಆಗ ಹೆಸರನ್ನು ಬಿಟ್ಟು ಎರಡು ತಂಡಗಳ ಹೆಸರು ಹಾಕಿ, ತಾರೀಖಿನ ಬೇಲಿ ಬಿಗಿ ಮಾಡಿ. ಪಂದ್ಯ ಶನಿವಾರ, ಬೆಳಗಿನ ಪತ್ರಿಕೆ ಮತ್ತು ಅಥ್ಲೆಟಿಕ್ ನ್ಯೂಸ್ ಸೋಮವಾರ, ಊರಿನ ವಾರಪತ್ರಿಕೆ ಮುಂದಿನ ವಾರದ ಕೊನೆಗೆ. 1894ರ ಜನವರಿ 6ರ ಪಂದ್ಯಕ್ಕೆ ಜನವರಿ 6ರಿಂದ 13 ಎಂದು ಹಾಕಿದರೆ ಮೂರೂ ಬಲೆಗೆ ಬೀಳುತ್ತವೆ.

ಹೆಸರಿನ ಗೊಂದಲ ಇಲ್ಲೂ ತಪ್ಪಿದ್ದಲ್ಲ. ಸರ್ರೆಯ ಬಿಲ್ ಜೊತೆಗೆ ಯಾರ್ಕ್‌ಷೈರಿನ ಬ್ಯಾಟ್ಸ್‌ಮನ್ ಎಫ್ರೇಮ್ ಲಾಕ್‌ವುಡ್ ಇದ್ದಾನೆ, ಸಾಲದ್ದಕ್ಕೆ ಹಡರ್ಸ್‌ಫೀಲ್ಡ್‌ನಲ್ಲಿ ಲಾಕ್‌ವುಡ್ ಎಂಬ ಊರೇ ಇದೆ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಹುಡುಕಿದರೆ ಕ್ರಿಕೆಟಿಗರು ಬಹುಪಾಲು ಜಾರಿಕೊಳ್ಳುತ್ತಾರೆ. ಊರನ್ನು ತೆಗೆಯಲು ಡ್ಯೂಸ್‌ಬರಿ ಅಥವಾ ಹೆಕ್ಮಂಡ್‌ವೈಕ್ ಪದ ಜೊತೆಗಿರಬೇಕು.

ಹುಡುಕುವ ಪದದ ಬಗ್ಗೆ ಒಂದು ಮಾತು, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. 'ರಗ್ಬಿ ಲೀಗ್' ಎಂದು ಹಾಕಿದರೆ 1890ರ ದಶಕದಲ್ಲಿ ನಿಮಗೆ ಬೇಕಾದದ್ದು ಸಿಗದು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಹುಟ್ಟಿದ ಸಂಸ್ಥೆಯ ಹೆಸರು ನಾರ್ದರ್ನ್ ಯೂನಿಯನ್. ಅದು ರಗ್ಬಿ ಫುಟ್‌ಬಾಲ್ ಲೀಗ್ ಆದದ್ದು 1922ರಲ್ಲಿ, ಡಿಕಿ ತೀರಿಕೊಂಡು ಏಳು ವರ್ಷಕ್ಕೆ. ಯಾರ್ಕ್‌ಷೈರ್ ಪತ್ರಿಕೆಗಳಿಗಂತೂ ಬರೀ 'ಫುಟ್‌ಬಾಲ್' ಎಂದರೆ ಎಷ್ಟೋ ಸಲ ರಗ್ಬಿಯೇ. ಒಡಕಿನ ಮೂಲ ಹುಡುಕುವವರು 'ಬ್ರೋಕನ್ ಟೈಮ್' ಎಂದು ಹಾಕಲಿ: ಆಟಕ್ಕಾಗಿ ಗಿರಣಿ ಗಣಿಯ ಕೂಲಿ ಕಳೆದುಕೊಂಡವರಿಗೆ ಪರಿಹಾರ. 1893ರ ಸೆಪ್ಟೆಂಬರ್ 20ರ ಲಂಡನ್ ಸಭೆಯಲ್ಲಿ ಅದು 282-136 ಮತಗಳಿಂದ ಬಿದ್ದುಹೋಯಿತು. ಒಡೆದ ಮೇಲೆ ದಿನಕ್ಕೆ 6 ಶಿಲಿಂಗ್ ಎಂದು ನಾರ್ದರ್ನ್ ಯೂನಿಯನ್ನೇ ನಿಗದಿ ಮಾಡಿತು.

1895ರ ನಂತರ ಲಂಡನ್ ಪತ್ರಿಕೆಗಳಲ್ಲಿ ಲಾಕ್‌ವುಡ್ ಹೆಚ್ಚುಕಡಿಮೆ ಮಾಯ. ಆಟ ನಿಲ್ಲಿಸಿದ್ದಲ್ಲ, ಆ ಪತ್ರಿಕೆಗಳ ಪಾಲಿಗೆ ಆ ಆಟವೇ ಆಟವಲ್ಲ. ಪತ್ರಿಕೆ ಸೋಸುವ ಫಿಲ್ಟರನ್ನು ಲೀಡ್ಸ್, ಬ್ಯಾಟ್ಲಿ, ಹಡರ್ಸ್‌ಫೀಲ್ಡ್‌ಗೆ ತಿರುಗಿಸಿ. ನಾರ್ದರ್ನ್ ಯೂನಿಯನ್ನಿನ ಮೂಲ 22 ಕ್ಲಬ್‌ಗಳಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ಇತ್ತು, ಹೆಕ್ಮಂಡ್‌ವೈಕ್ ಇರಲಿಲ್ಲ. ಅಂದಿನ ತಂಡದ ಪಟ್ಟಿಯಲ್ಲಿ 15 ಹೆಸರು ಕಂಡರೆ ಗಾಬರಿ ಬೇಡ, 13 ಆದದ್ದು 1906ರಲ್ಲಿ.

ಅಂಕಿಅಂಶ ತಾಣಗಳ ವಿಷಯದಲ್ಲಿ ಒಂದೇ ಎಚ್ಚರಿಕೆ, ಆದರೆ ದೊಡ್ಡದು. ಅಂಕಗಳನ್ನು ಒಟ್ಟು ಕೂಡಬೇಡಿ. 1889ರ ನೇಟಿವ್ಸ್ ಪಂದ್ಯದ 7-0 ಎಂದರೆ ಒಂದು ಗೋಲಿಗೆ 3, ನಾಲ್ಕು ಟ್ರೈಗೆ ಒಂದೊಂದು. 1892ರಲ್ಲಿ ವೇಲ್ಸ್ ವಿರುದ್ಧದ 17-0ರಲ್ಲಿ ಟ್ರೈಗೆ 2, ಕನ್ವರ್ಷನ್‌ಗೆ (ಟ್ರೈ ಆದ ಮೇಲೆ ಒದ್ದು ಹೊಡೆಯುವ ಗೋಲ್) 3: ನಾಲ್ಕು ಟ್ರೈ, ಮೂರು ಕನ್ವರ್ಷನ್. 1894ರ ಜನವರಿ 6ರಂದು ಬರ್ಕೆನ್‌ಹೆಡ್‌ನಲ್ಲಿ ಲಾಕ್‌ವುಡ್ ನಾಯಕನಾಗಿ ಗೆದ್ದ 24-3ರಲ್ಲಿ ಟ್ರೈ 3, ಕನ್ವರ್ಷನ್ 2, ಮಾರ್ಕ್ (ಎದುರಾಳಿ ಒದ್ದ ಚೆಂಡನ್ನು ನೇರ ಹಿಡಿಯುವುದು) ಹಿಡಿದು ಹೊಡೆದ ಗೋಲ್ 4: ನಾಲ್ಕು ಟ್ರೈಗೆ 12, ನಾಲ್ಕು ಕನ್ವರ್ಷನ್‌ಗೆ 8, ಒಂದು ಮಾರ್ಕ್‌ಗೆ 4. ಒಬ್ಬನೇ ಆಟಗಾರನ ಏಳು ವರ್ಷದಲ್ಲಿ ಮೂರು ಬಗೆಯ ಲೆಕ್ಕ. ಟ್ರೈ ಎಷ್ಟು, ಕನ್ವರ್ಷನ್ ಎಷ್ಟು ಎಂದು ಬೇರೆ ಬೇರೆ ಬರೆದಿಡಿ, ಅಂಕವನ್ನು ಪಂದ್ಯದ ಪಕ್ಕದಲ್ಲೇ ಬಿಡಿ. ರಗ್ಬಿ ಲೀಗ್ ಪ್ರಾಜೆಕ್ಟ್ ಉಚಿತ, ಫಲಿತಾಂಶಗಳಿಗೆ ಒಳ್ಳೆಯದು. ನಾರ್ದರ್ನ್ ಯೂನಿಯನ್ನಿನ ಮೊದಲ ವರ್ಷಗಳ ಆಟಗಾರರ ಪಟ್ಟಿಗೆ ಅದನ್ನೊಂದನ್ನೇ ನಂಬಿ ಕೂರಬೇಡಿ.

ಜನ ಮರೆಯುವ ತಾಣ ಬ್ರಿಟಿಷ್ ಸರ್ಕಾರದ ಅಧಿಕೃತ ಪ್ರಕಟಣೆಗಳ ಪತ್ರಿಕೆ ಲಂಡನ್ ಗೆಜೆಟ್. ಪುಕ್ಕಟೆ. 1897ರಲ್ಲಿ ಲಾಕ್‌ವುಡ್ ದಿವಾಳಿಯಾದ, ಮನೆಯ ಸಾಮಾನು ಮಾರಾಟಕ್ಕೆ ಬಂತು. ದಿವಾಳಿ ಪ್ರಕರಣದ ಒಂದೊಂದು ಹಂತಕ್ಕೂ ಗೆಜೆಟ್ಟಿನಲ್ಲಿ ಬೇರೆ ಪ್ರಕಟಣೆ ಬರುತ್ತಿತ್ತು, ವಿಳಾಸ, ಕಸುಬು, ಕೋರ್ಟಿನ ಹೆಸರಿನ ಸಮೇತ. ಒಂದು ಸಿಕ್ಕಿತೆಂದು ನಿಲ್ಲಿಸದೆ ಮುಂದಿನ ತಿಂಗಳುಗಳನ್ನೂ ನೋಡಿ. ಅಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಹುಡುಕುವಾಗಲೂ ಹಾಗೇ ಹಾಕಬೇಕು. ಅಲ್ಲಿ ಸಿಕ್ಕ ತಾರೀಖನ್ನು ಹಿಡಿದುಕೊಂಡು ಪತ್ರಿಕಾ ಸಂಗ್ರಹಕ್ಕೆ ಬಂದರೆ ಸಾಲಗಾರರ ಸಭೆಯ ವರದಿಗೆ ಯಾವ ವಾರ ನೋಡಬೇಕೆಂಬುದು ಗೊತ್ತಾಗಿರುತ್ತದೆ.

ಜನಗಣತಿಗೆ 1881ರದ್ದು ಫ್ಯಾಮಿಲಿಸರ್ಚ್‌ನಲ್ಲಿ ಉಚಿತ. 1911ರದ್ದು ಬೇಕೆಂದರೆ ಫೈಂಡ್‌ಮೈಪಾಸ್ಟ್; ಆ ವರ್ಷದ ನಮೂನೆಯನ್ನು ಮನೆಯ ಯಜಮಾನನೇ ತುಂಬಬೇಕಿದ್ದರಿಂದ ಆಟಗಾರನ ಕೈಬರಹವೇ ಸಿಗುವ ಸಾಧ್ಯತೆ ಇದೆ. ಅವರ ದುಬಾರಿ ಪ್ಯಾಕೇಜಿನಲ್ಲಿ ಪತ್ರಿಕೆಗಳೂ ಸೇರಿರುತ್ತವೆ. ಜನಗಣತಿ, ಪತ್ರಿಕೆ ಎರಡೂ ಬೇಕಾದವರು ಎರಡು ಕಡೆ ಕಟ್ಟುವ ಮೊದಲು ಅದನ್ನು ಹೋಲಿಸಿ ನೋಡಲಿ.

ಕಟ್ಟುವ ದಿನಕ್ಕೆ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದಿಡಿ; ಭಾರತದ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ. ವಿದೇಶಿ ವಹಿವಾಟಿನ ಶುಲ್ಕ ಮೇಲಿಂದ ಬೀಳುತ್ತದೆ. ಚಂದಾ ತಾನಾಗಿ ನವೀಕರಣಗೊಳ್ಳುವ ಬಗೆಯದು, ಆದ್ದರಿಂದ ಕಟ್ಟಿದ ದಿನವೇ ಖಾತೆಯ ಪುಟದಲ್ಲಿ ಅದನ್ನು ನಿಲ್ಲಿಸಿ; ತಿಂಗಳು ಮುಗಿಯುವವರೆಗೆ ಓದಲು ಅಡ್ಡಿಯಿಲ್ಲ. ಪುಟ ಇಳಿಸಿದ ತಕ್ಷಣ ಕಡತಕ್ಕೆ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಬರೆಯಿರಿ. ಇಲ್ಲದಿದ್ದರೆ ಚಂದಾ ಮುಗಿದ ಮೇಲೆ ಯಾವ ಪುಟ ಯಾವ ಪಂದ್ಯದ್ದೆಂದು ಹೇಳುವವರು ಯಾರೂ ಇರುವುದಿಲ್ಲ, ಮತ್ತೊಂದು ತಿಂಗಳಿಗೆ ಕಟ್ಟಬೇಕಾಗುತ್ತದೆ.